ಒಂದ್ ರಾತ್ರಿ ಇದ್ದು ಬಾ

(ಗಜೇಂದ್ರಗಡ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಕಟ್ಟೆಯ ಮೇಲೆ ಅಣ್ಣ-ತಮ್ಮರ ಮಾತೂ ಹಾಗೇ. ಅಣ್ಣ ಬೆಂಗಳೂರಿನವ.)

ಅಣ್ಣ: ಅವ್ವಗ ವೃದ್ಧಾಶ್ರಮ ನೋಡಿ ಬಂದೆ. ಗ್ರಾನೈಟ್ ನೆಲ, ಸಿಸಿಟಿವಿ, ಬಾಗಿಲದಾಗ ಗಣಪತಿ!

ತಮ್ಮ: ಬಚ್ಚಲದಾಗ ಹಿಡಕೊಳ್ಳಾಕ ಕಂಬಿ ಅದಾವೇನು?

ಅಣ್ಣ: ಅಷ್ಟ ಒಳಗ ಹೋಗಲಿಲ್ಲ.

ತಮ್ಮ: ರಾತ್ರಿ ನೋಡಿಕೊಳ್ಳವರು?

ಅಣ್ಣ: ವಾಚ್‌ಮನ್ ಇರ್ತಾನಲ್ಲ.

ತಮ್ಮ: ನರಗುಂದ ಸಂತ್ಯಾಗ ಎತ್ತು ಕೊಳ್ಳೂಮುಂದ ಹಲ್ಲು, ಗೊರಸು, ಬಾಲ ಎಲ್ಲಾ ನೋಡ್ತಿದ್ದಿ. ಹಾಸಿಗಿ ಹಿಡದವರ ಬೆನ್ನು ನೋಡಬಾರದೇನಣ್ಣಾ? ಮಗ್ಗಲು ಬದಲಿಸದಿದ್ರ ಹುಣ್ಣು ಬೀಳ್ತಾವ.

ಅಣ್ಣ: ಪಾಂಪ್ಲೆಟ್‌ನ್ಯಾಗ ಎಲ್ಲಾರೂ ನಗಾಕತ್ತಾರ.

ತಮ್ಮ: ಹೇಳದ ಕೇಳದ ಊಟದ ಹೊತ್ತಿಗೆ ಹೋಗು. ಹಲ್ಲಿಲ್ಲದವರಿಗೆ ಕಟಕ ರೊಟ್ಟಿ ಹಂಗ ಕೊಡ್ತಾರೋ, ನೆನಸಿ ಕೊಡ್ತಾರೋ ನೋಡು.

ಅಣ್ಣ: ಹಿರಿಯರನ್ನ ನೋಡಿಕೊಳ್ಳಾಕ 2007ರ ಕಾಯ್ದೆ ಐತಲೇ.

ತಮ್ಮ: ಐತಿ. ಜಿಲ್ಲಾಕ್ಕ ಒಂದರ ಆಶ್ರಮ, ಕನಿಷ್ಠ 150 ಬಡ ಹಿರಿಯರಿಗೆ ಜಾಗ ಅಂತ ಬರದಾರ. ತಂದಿ-ತಾಯಿನ ಬಿಟ್ಟು ಹೋದ್ರ 3 ತಿಂಗಳ ತನಕ ಜೈಲು, ಇಲ್ಲಾ 5,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ.

ಅಣ್ಣ: (ಬೆರಳು ಎಣಿಸಿ) ಆಶ್ರಮದ ತಿಂಗಳ ಫೀಗಿಂತ ದಂಡನ ಸೋವಿ ಐತಲ್ಲೋ!

ಅವ್ವ: (ಒಳಗಿಂದ, ಅಡಿಕೆ ಕತ್ತರಿಸುತ್ತ) ಮೊದಲ ನೀ ಅಲ್ಲಿ ಒಂದ್ ರಾತ್ರಿ ಇದ್ದು ಬಾರಪಾ. ನಿದ್ದಿ ಹತ್ತಿದ್ರ ನನಗ ಹೇಳು.