ಸೆಟ್ ಆಗಲ್ಲ ಸ್ವಾಮಿ!

ಇಂಗ್ಲಿಷಿನವರ ಹತ್ತಿರ 'ಸೆಟ್' ಎಂಬ ಮೂರೇ ಅಕ್ಷರದ ಪದವೊಂದಿದೆ. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ ಇದಕ್ಕೆ ಸುಮಾರು 430 ಅರ್ಥ ಕೊಟ್ಟು, ಅವನ್ನು ವಿವರಿಸಲು ಸುಮಾರು 60,000 ಪದ ಖರ್ಚು ಮಾಡಿತು. ಅಷ್ಟು ಪದಗಳಲ್ಲಿ ನಮ್ಮವರು ಒಂದು ಕಾದಂಬರಿ ಬರೆದು, ಬಿಡುಗಡೆ ಮಾಡಿಸಿ, ಶಾಲು ಹೊದ್ದುಕೊಂಡು ಮನೆಗೆ ಬಂದಿರುತ್ತಾರೆ. ಮುಂದಿನ ಪರಿಷ್ಕರಣೆಯಲ್ಲಿ 'ರನ್' ಎಂಬ ಕ್ರಿಯಾಪದ 645 ಅರ್ಥ ಗಳಿಸಿ 'ಸೆಟ್' ಅನ್ನು ಹಿಂದಿಕ್ಕಿತು. ಗಳಿಕೆಯಲ್ಲಿ ರನ್ನೇ ಮುಂದಿರುವುದು ನ್ಯಾಯವೇ ಬಿಡಿ. ಆದರೂ ನನ್ನ ಓಟು 'ಸೆಟ್'ಗೆ. 'ರನ್' ನಮ್ಮಲ್ಲಿ ಕ್ರಿಕೆಟ್ ಮೈದಾನ ದಾಟಿ ಬಂದದ್ದು ಕಡಿಮೆ. 'ಸೆಟ್' ಮಾತ್ರ ಹೊಲ, ಅಡುಗೆಮನೆ, ಮದುವೆ ಮಾತುಕತೆ ಎಲ್ಲದರೊಳಗೂ ಚಪ್ಪಲಿ ಬಿಡದೆ ನುಗ್ಗಿದೆ.

ತಮಾಷೆಯೆಂದರೆ, ಅದರ ಹಳೆಯ, ಘನವಾದ ಅರ್ಥಗಳನ್ನು ನಾವು ಮುಟ್ಟಲೇ ಇಲ್ಲ. ಇಂಗ್ಲಿಷಿನಲ್ಲಿ ಸೂರ್ಯ 'ಸೆಟ್' ಆಗುತ್ತಾನೆ, ನಮ್ಮವನು ಮುಳುಗುತ್ತಾನೆ. ಅಲ್ಲಿ ಮುರಿದ ಮೂಳೆ, ಉಂಗುರದ ಹರಳು, ಇಲಿಬೋನು, ಊಟದ ಮೇಜು ಎಲ್ಲವನ್ನೂ ಒಂದೇ ಕ್ರಿಯಾಪದ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಮೂಳೆ ಕೂಡಿಸಬೇಕು, ಹರಳು ಕೂರಿಸಬೇಕು, ಬೋನು ಒಡ್ಡಬೇಕು, ಊಟಕ್ಕೆ ಎಲೆ ಹಾಕಬೇಕು. ಮೊಸರಂತೂ ಹೆಪ್ಪುಗಟ್ಟಲೇಬೇಕು. "ಮೊಸರು ಸೆಟ್ ಆಗಿಲ್ಲ" ಎನ್ನುವವರ ಮನೆಗೆ ಮೊಸರು ಪ್ಯಾಕೆಟ್ಟಿನಲ್ಲಿ ಬರುತ್ತಿದೆ ಎಂದೇ ತಿಳಿಯಿರಿ.

ನಾವು ಮೊದಲು ಎತ್ತಿಕೊಂಡದ್ದು ಗುಂಪಿನ ಅರ್ಥ. ಜಾತ್ರೆಗೆ ಮೈಕ್ ಸೆಟ್, ಮೆರವಣಿಗೆಗೆ ಬ್ಯಾಂಡ್ ಸೆಟ್, ಹಜಾರಕ್ಕೆ ಸೋಫಾ ಸೆಟ್, ಅಜ್ಜನಿಗೆ ಹಲ್ಲಿನ ಸೆಟ್. ಕೊಳವೆಬಾವಿಗೆ ಪಂಪ್‌ಸೆಟ್: 10 ಅಶ್ವಶಕ್ತಿಯವರೆಗೆ ಸರ್ಕಾರ ಬಿಲ್ಲು ಕೇಳುವುದಿಲ್ಲ, ಕರೆಂಟು ಯಾವಾಗ ಬರುತ್ತದೆ ಎಂದು ರೈತ ಕೇಳಬಾರದು, ಅಷ್ಟೇ ಒಪ್ಪಂದ. ಟಿವಿ ಸೆಟ್ಟಿನ ತಲೆಯ ಮೇಲೆ ಕೂರಲೆಂದು ಸೆಟ್ ಟಾಪ್ ಬಾಕ್ಸ್ ಬಂತು. ಅಷ್ಟರಲ್ಲಿ ಟಿವಿ ತೆಳ್ಳಗಾಗಿ ಗೋಡೆ ಹತ್ತಿತು, ಬಾಕ್ಸು ಕೆಳಗೆಲ್ಲೋ ಮೊಳೆಗೆ ನೇತುಬಿತ್ತು. ನಿವೃತ್ತ ಅಧಿಕಾರಿಗಳ ಗತ್ತಿನ ಹಾಗೆ 'ಟಾಪ್' ಹೆಸರಿನಲ್ಲಿ ಮಾತ್ರ ಉಳಿದಿದೆ.

ಈ ಗುಂಪಿನ ಶಿಖರವೆಂದರೆ ಸೆಟ್ ದೋಸೆ. ದಪ್ಪಗೆ, ಮೆತ್ತಗೆ, ಮೈತುಂಬ ತೂತು, ಒಂದರ ಮೇಲೊಂದು ಮಲಗಿರುತ್ತವೆ. ಪಕ್ಕದಲ್ಲಿ ಸಾಗು, ಚಟ್ನಿ. ಸೆಟ್ಟಿಗೆ ಮೂರು ಎಂಬುದು ನಾನು ನಂಬಿ ಬೆಳೆದ ಧರ್ಮ. ಈಗೀಗ ಕೆಲವು ಕಡೆ ಎರಡೇ ಬರುತ್ತವೆ. ಕೇಳಿದರೆ, "ಸೈಜು ದೊಡ್ಡದಿದೆಯಲ್ಲ ಸಾರ್" ಎಂಬ ಉತ್ತರ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಜಾರ್ಜ್ ಕ್ಯಾಂಟರ್ ಎಂಬ ಗಣಿತಜ್ಞ ಈ ಸೆಟ್ಟುಗಳ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದ. ನಮ್ಮ ಪಠ್ಯಪುಸ್ತಕಗಳು ಅವನ್ನು 'ಗಣ' ಎನ್ನುತ್ತವೆ. ಆ ಗಣಿತದ ಪ್ರಕಾರ ಒಂದೇ ವಸ್ತುವಿದ್ದರೂ ಅದು ಗಣವೇ. ಏನೂ ಇಲ್ಲದಿದ್ದರೂ ಗಣವೇ, ಶೂನ್ಯ ಗಣ. ಈ ವಿಷಯ ಹೋಟೆಲ್ ಮಾಲೀಕರ ಕಿವಿಗೆ ಬೀಳದಿರಲಿ.

ಕಾಲೇಜು ಮೇಷ್ಟ್ರಾಗುವವರಿಗೆ ಕೆ-ಸೆಟ್ ಎಂಬ ಪರೀಕ್ಷೆಯಿದೆ. ಅದರಲ್ಲಿ ಗೆದ್ದರೆ ಸಿಗುವುದು ಅರ್ಹತೆ, ನೌಕರಿಯಲ್ಲ. 'ಸೆಟ್' ಆದವರು 'ಸೆಟ್ಲ್' ಆಗಲು ಬೇಕಾದ ಆ ಒಂದು ಲಕಾರದ ಒತ್ತಿಗಾಗಿ ಅತಿಥಿ ಉಪನ್ಯಾಸಕರಾಗಿಯೇ ತಲೆ ನರೆಸಿಕೊಂಡವರನ್ನು ನಾನು ಬಲ್ಲೆ.

ಆದರೆ ಕನ್ನಡಿಗರ ನಿಜವಾದ ಸಾಧನೆ 'ಸೆಟ್ ಆಗು'. ಇಂಗ್ಲಿಷ್ ಪದದ ಬಾಲಕ್ಕೆ ನಮ್ಮ 'ಆಗು' ಕಟ್ಟಿದ್ದೇ ತಡ, ಮಾಡಿದವರು ಮಾಯವಾದರು. ಎಲ್ಲವೂ ತಾನಾಗಿ ಆಗುತ್ತದೆ, ಇಲ್ಲವೇ ತಾನಾಗಿ ಆಗುವುದಿಲ್ಲ. ಸೀರೆಗೆ ರವಿಕೆ ಸೆಟ್ ಆಗಲ್ಲ, ಬೆಂಗಳೂರಿನ ನೀರು ಸೆಟ್ ಆಗಲ್ಲ, ಹೊಸ ಮ್ಯಾನೇಜರ್ ಸೆಟ್ ಆಗಲ್ಲ. ತಪ್ಪು ಯಾರದು? ಯಾರದೂ ಅಲ್ಲ!

ಮದುವೆ ಮಾತುಕತೆಯಲ್ಲಿ ಇದರ ಮಹಿಮೆ ನೋಡಬೇಕು. ಹಿಂದೆ ಸಂಬಂಧ ಬೇಡವೆನಿಸಿದರೆ "ಜಾತಕ ಕೂಡಿಬರಲಿಲ್ಲ" ಎನ್ನುತ್ತಿದ್ದರು. ತಪ್ಪನ್ನು ಕುಜನ ತಲೆಗೆ ಕಟ್ಟಿದರಾಯಿತು, ಅವನೇನೂ ಜಗಳಕ್ಕೆ ಬರುತ್ತಿರಲಿಲ್ಲ. ಆದರೆ ಎದುರಿನವರು ಬೇರೆ ಜೋಯಿಸರನ್ನು ಹಿಡಿದು "ಶಾಂತಿ ಮಾಡಿಸೋಣ" ಎಂದು ಬಂದರೆ ಪೇಚು. 'ಸೆಟ್ ಆಗಲ್ಲ'ಕ್ಕೆ ಶಾಂತಿಯೂ ಇಲ್ಲ, ಪರಿಹಾರವೂ ಇಲ್ಲ. ನಮ್ಮ ಸೋದರತ್ತೆ ಮಗನಿಗೆ ಹೆಣ್ಣು ನೋಡುತ್ತಿದ್ದ ಕಾಲ. ಹುಡುಗಿಯನ್ನು ನೋಡಿಬಂದವನನ್ನು ಅತ್ತೆ ಬಾಗಿಲಲ್ಲೇ ಹಿಡಿದರು.

"ಹುಡುಗಿ ಹೇಗಿದಾಳೋ?"

"ಚೆನ್ನಾಗಿದಾಳಮ್ಮ."

"ಓದು?"

"ನನಗಿಂತ ಜಾಸ್ತಿ."

"ಮತ್ತಿನ್ನೇನು?"

"ಸೆಟ್ ಆಗಲ್ಲಮ್ಮ."

"ಸೆಟ್ ಆಗದೆ ಇರೋಕೆ ಅವಳೇನು ಹಲ್ಲಿನ ಸೆಟ್ಟೇನೋ, ಒಸಡಿಗೆ ಒತ್ತುತ್ತೆ ಅನ್ನೋಕೆ?"

ಆ ಮಾತನ್ನು ಮೊದಲು ಹೇಳಿದ್ದು ಹುಡುಗಿ ಎಂಬುದು ಅತ್ತೆಗೆ ಆಮೇಲೆ ದಲ್ಲಾಳಿಯಿಂದ ತಿಳಿಯಿತು.

ಕಾಲೇಜು ಹುಡುಗರು "ಹುಡುಗಿ ಸೆಟ್ ಆದ್ಲಾ?" ಎಂದು ಕೇಳುವುದು ಮಾತ್ರ ನನಗೆ ಹಿಡಿಸದು. ಅವಳೇನು ಅಲಾರಾಮೇ? ಇನ್ನು ಗಣ್ಯರಿಗೆ ಊರಾಚೆ ಇರುವ 'ಸೆಟಪ್'ಗಳ ವಿಚಾರ. ಮನೆಮಂದಿಯೆಲ್ಲ ಓದುವ ಪ್ರಬಂಧಕ್ಕೆ ಅದು ಸೆಟ್ ಆಗುವುದಿಲ್ಲ.

ಸೆಟ್ ಆಯಿತೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲವರು ಸಿವಿಲ್ ಎಂಜಿನಿಯರುಗಳು ಮಾತ್ರ. ಕಲಸಿದ ಸಿಮೆಂಟನ್ನು ಅಚ್ಚಿಗೆ ತುಂಬಿ, ವಿಕ್ಯಾಟ್ ಸೂಜಿ ಎಂಬ ಉಪಕರಣದಿಂದ ಆಗಾಗ ಚುಚ್ಚಿ ನೋಡುತ್ತಾರೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮೊದಲು ಬಿಗಿಯತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಿರಬೇಕು. ಇದು ಭಾರತೀಯ ಮಾನಕದ ಕಟ್ಟಳೆ. ಟೆನಿಸ್ಸಿನಲ್ಲೂ ಸೆಟ್ಟುಂಟು: 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಆಡಿದ ಐದನೆಯ ಸೆಟ್ಟು 70-68ಕ್ಕೆ ಮುಗಿಯಲು ಎಂಟು ಗಂಟೆಗೂ ಹೆಚ್ಚು ಆಟ ಬೇಕಾಯಿತು. ಅದು ಕೂಡ ಸಿಮೆಂಟಿನ ಗಡುವಿನೊಳಗೇ ಬಂತು ನೋಡಿ. ನಮ್ಮ ವಧೂವರರೋ, ಒಂದು ಕಾಫಿ ಆರುವುದರೊಳಗೆ ತೀರ್ಪು ಕೊಟ್ಟು ಎದ್ದುಬಿಡುತ್ತಾರೆ. ಸಿಮೆಂಟಿಗೆ ಕೊಡುವಷ್ಟು ಪುರುಸೊತ್ತನ್ನೂ ಒಬ್ಬರಿಗೊಬ್ಬರು ಕೊಡುವುದಿಲ್ಲ.

ಹಾಗೆಂದು ಈ ಮಾತಿನ ಮೇಲೆ ನನಗೆ ಸಿಟ್ಟೇನಿಲ್ಲ. ನಿಷ್ಠುರವಾಗದೆ 'ಬೇಡ' ಎನ್ನಲು ನಮ್ಮ ಜನ ಮೊದಲಿನಿಂದಲೂ ಒದ್ದಾಡಿದ್ದಾರೆ. "ನೋಡೋಣ", "ತಿಳಿಸ್ತೀವಿ", "ಊರಿಗೆ ಹೋಗಿ ಕಾಗದ ಬರೀತೀವಿ" ಎಂದೆಲ್ಲ ಹೇಳಿ ಉಪ್ಪಿಟ್ಟು ಕೇಸರಿಬಾತು ತಿಂದು ಹೊರಡುತ್ತಿದ್ದರು. ಪಾಪ, ಹೆಣ್ಣಿನ ತಂದೆ ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾಯಬೇಕಿತ್ತು. 'ಸೆಟ್ ಆಗಲ್ಲ' ಅಲ್ಲಿಂದಲ್ಲಿಗೇ ಮುಗಿಸುತ್ತದೆ. ಇದೇ ಅದರ ದೊಡ್ಡ ಗುಣ.

ಆದ್ದರಿಂದ ನಾಳೆ ನಿಮಗೆ ಯಾರಾದರೂ ಹಾಗೆಂದರೆ ಯಾಕೆ, ಏನು ಎಂದು ಬೆನ್ನು ಹತ್ತಬೇಡಿ. ಕಾರಣ ಹೇಳುವ ಮನಸ್ಸಿದ್ದಿದ್ದರೆ ಅವರು ಆ ಪದದ ಮೊರೆ ಹೋಗುತ್ತಿರಲಿಲ್ಲ. ದೋಸೆ ಎರಡೇ ಬಂದರೆ ಮಾತ್ರ ಖಂಡಿತ ಕೇಳಿ.