ಮ್ಯಾಲಿಂದಲೇ ಇಲ್ಲ ಕಣಣ್ಣ

ಪ್ರಯೋಗಾಲಯದ ಮೇಜಿನ ಮೇಲಿನ ಪವರ್ ಸಪ್ಲೈಗೆ ಇಷ್ಟು ವೋಲ್ಟ್, ಇಷ್ಟು ಆಂಪಿಯರ್ ಎಂದು ಕಂಪ್ಯೂಟರಿನಿಂದಲೇ ಹೇಳಿದರೆ ಸಾಕು, ಅಷ್ಟನ್ನೇ ಕೊಡುತ್ತದೆ. ಅದಕ್ಕಿಂತ ದೊಡ್ಡ ಗುಣವೊಂದು ಅದಕ್ಕಿದೆ. "ಏನಪ್ಪಾ ಎಡವಟ್ಟಾಯಿತು?" ಎಂದು ದೂರದಿಂದ ಕೇಳಿದರೂ ಒಪ್ಪಿಕೊಳ್ಳುತ್ತದೆ. ಉಪಕರಣ ತಯಾರಕರು 1990ರಲ್ಲಿ ಮಾಡಿಕೊಂಡ ಎಸ್‌ಸಿಪಿಐ ಎಂಬ ಕಟ್ಟಳೆಯಲ್ಲಿ ಮೈನಸ್ 113 ಎಂದರೆ ಅಂಥ ಆಜ್ಞೆಯೇ ಗೊತ್ತಿಲ್ಲ, ಮೈನಸ್ 222 ಎಂದರೆ ಕೇಳಿದ್ದು ಮಿತಿ ಮೀರಿತು. ಸೊನ್ನೆ ಬಂದರೆ ತಪ್ಪಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರಿನ ಕರೆಂಟಿಗೆ ಇಷ್ಟೆಲ್ಲ ಅಂಕಿಯ ಗೊಡವೆಯಿಲ್ಲ. ತೆಂಗಿನ ಗರಿ ತಂತಿಯ ಮೇಲೆ ಬಿದ್ದಿರಲಿ, ಟ್ರಾನ್ಸ್‌ಫಾರ್ಮರ್ ಸುಟ್ಟಿರಲಿ, ಉತ್ತರ ಒಂದೇ: "ಮ್ಯಾಲಿಂದಲೇ ಇಲ್ಲ ಕಣಣ್ಣ." ಹನೂರಿನವರು ಮಾದಪ್ಪನ ಬೆಟ್ಟದ ಕಡೆ ನೋಡುತ್ತಾರೆ, ಯಳಂದೂರಿನವರು ಬಿಳಿಗಿರಿರಂಗನ ಕಡೆ. ಇಬ್ಬರು ದೇವರೂ ನಿರಪರಾಧಿಗಳು. ಮಳೆಯಲ್ಲಿ ಕಂಬ ಹತ್ತುವ ಪವರ್‌ಮ್ಯಾನ್ ಮೇಲೂ ನನಗೆ ಸಿಟ್ಟಿಲ್ಲ. ಮೇಲಿನವರು ಅವನಿಗೂ ಏನೂ ಹೇಳಿರುವುದಿಲ್ಲ.

ಕರೆಂಟೇನು ಈ ಸೀಮೆಗೆ ಹೊಸದೇ? ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಹುಟ್ಟಿತು. ಹುಟ್ಟಿದ್ದೇ ತಡ, ಸುಮಾರು 147 ಕಿಲೋಮೀಟರ್ ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ನಡೆಯಿತು. ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲಕ್ಕೆ ಜಲಪಾತದ ಸದ್ದು ಉಳಿಯಿತು. ಗಣಿಯ ಬಿಳಿ ದೊರೆಗಳಿಗೆ "ಮ್ಯಾಲಿಂದಲೇ ಇಲ್ಲ" ಅನ್ನುವ ಎದೆ ಯಾರಿಗಿತ್ತು?

ಪವರ್ ಸಪ್ಲೈ ತನ್ನ ತಪ್ಪುಗಳನ್ನು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ನಾವು ಓದಿದ ತಪ್ಪು ಸಾಲಿನಿಂದ ಅಳಿಯುತ್ತದೆ. ಸಾಲು ತುಂಬಿತೋ, ಮೈನಸ್ 350: ಇನ್ನು ಹಿಡಿಸದು ಎಂದು ಅದನ್ನೂ ಹೇಳುತ್ತದೆ. ನಮ್ಮ ಕಡೆ ಅಳಿಸುವ ಪಾಠವೊಂದನ್ನೇ ಕಲಿತಿದ್ದಾರೆ. ದೂರು ಕೊಟ್ಟರೆ ನಂಬರು ಬರುತ್ತದೆ, ಹಿಂದೆಯೇ "ನಿಮ್ಮ ದೂರು ಬಗೆಹರಿದಿದೆ" ಎಂಬ ಮೆಸೇಜು. ಕತ್ತಲಲ್ಲಿ ಓದಲು ಅನುಕೂಲವಾಗಲೆಂದೇ ಅದನ್ನು ಮೊಬೈಲಿಗೆ ಕಳಿಸುವುದು.

ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2004ರ ನಿಯಮದಲ್ಲಿ ಫ್ಯೂಸ್ ಹೋದರೆ ಪೇಟೆಗೆ 6 ಗಂಟೆ, ಹಳ್ಳಿಗೆ 24 ಗಂಟೆಯ ಗಡುವು. ಹಳ್ಳಿಯವರ ಕಣ್ಣು ಕತ್ತಲೆಗೆ ನಾಲ್ಕು ಪಟ್ಟು ಪಳಗಿದೆ ಎಂದು ಆಯೋಗಕ್ಕೆ ಹೇಗೋ ಗೊತ್ತಾಗಿದೆ.

ಕಾದು ಸಾಕಾದ ರೈತರು ಬಾಯಿ ಬಿಡುವ ಯಂತ್ರವನ್ನು ತಾವೇ ತಂದುಕೊಂಡರು. ಪಂಪ್‌ಸೆಟ್ಟಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್. ತ್ರೀಫೇಸ್ ಬಂತು, ಒಂದು ಫೇಸ್ ಹೋಯಿತು, ಬೋರಿನಲ್ಲಿ ನೀರಿಲ್ಲದೆ ಮೋಟಾರ್ ಬರಿದೇ ತಿರುಗುತ್ತಿದೆ, ಹೀಗೆ ಮನೆಯಲ್ಲಿರುವ ಯಜಮಾನನಿಗೆ ಒಂದೊಂದನ್ನೂ ತಿಳಿಸುತ್ತದೆ. ದಿನಕ್ಕೆ 7 ಗಂಟೆ ತ್ರೀಫೇಸ್ ಎಂಬುದು ಸರ್ಕಾರದ ಮಾತು. ಯಾವ 7 ಗಂಟೆ ಎಂಬುದು ಸ್ಟಾರ್ಟರಿಗೇ ಗೊತ್ತು. ಕಾಡಂಚಿನ ಹೊಲಕ್ಕೆ, ಆನೆ ತಿರುಗುವ ಹೊತ್ತಿನಲ್ಲಿ, ಟಾರ್ಚ್ ಹಿಡಿದು ಬಟನ್ ಒತ್ತಲು ಹೋಗುವುದಂತೂ ತಪ್ಪಿದೆ. ಆದರೆ ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಎಷ್ಟು ಕರೆ ಮಾಡಿದರೂ ಸ್ಟಾರ್ಟರ್ ವ್ಯಾಪ್ತಿ ಪ್ರದೇಶದ ಹೊರಗೆ. ಅದಕ್ಕೂ ಸರ್ಕಾರಿ ನೌಕರಿ ಸಿಕ್ಕಿತು ಅಂದುಕೊಳ್ಳಬೇಕು.