ತೋಳಿನೊಳಗಿನ ಇಲಿ

ಜಿಮ್ಮಿಗೆ ಸೇರಿಸಿದ್ದು ಮಗ. ಸಕ್ಕರೆ, ಬಿ.ಪಿ., ಡಾಕ್ಟರ ಗದರಿಕೆ, ಆ ಪುರಾಣ ಎಲ್ಲರ ಮನೆಯಲ್ಲೂ ಒಂದೇ, ಬಿಡಿ. ಟ್ರೇನರ್ ಹುಡುಗ "ಅಂಕಲ್, ಮಸಲ್ ಟೈಟ್ ಮಾಡಿ" ಅಂದ. ಮಾಡಿ ಸುಮ್ಮನಿರುವ ಜಾಯಮಾನ ನನ್ನದಲ್ಲ. "ಮಸಲ್ ಅಂದ್ರೆ ಏನು ಗೊತ್ತೇನಪ್ಪಾ? ಪುಟ್ಟ ಇಲಿ!" ಅಂದೆ.

"ಅಂಕಲ್, ತಿಂಡಿ ತಿಂದ್ಕೊಂಡು ಬಂದಿದ್ದೀರಿ ತಾನೇ?"

ಲ್ಯಾಟಿನ್ನಿನಲ್ಲಿ 'ಮೂಸ್' ಎಂದರೆ ಇಲಿ, 'ಮುಸ್ಕುಲುಸ್' ಎಂದರೆ ಪುಟ್ಟಿಲಿ. ತೋಳು ಮಡಚಿದಾಗ ಚರ್ಮದಡಿ ಏನೋ ಸರಿದಾಡುತ್ತದಲ್ಲ, ಅದಕ್ಕೇ ಆ ಹೆಸರು. ಗ್ರೀಕರಲ್ಲೂ ಇಲಿಗೂ ಸ್ನಾಯುವಿಗೂ ಒಂದೇ ಪದ.

ಹುಡುಗ ಅತ್ತ ಹೋದದ್ದೇ ತಡ, ಕನ್ನಡಿಯ ಮುಂದೆ ತೋಳು ಮಡಚಿದೆ. ಏನೂ ಇಲ್ಲ. ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ ಇನ್ನಷ್ಟು ಮಡಚಿದೆ. ಮೊಣಕೈ ಮೇಲೆ ಒಂದಿಷ್ಟು ಅಲುಗಿತು. ಮೂತಿ! ಬಿಚ್ಚಿದೆ, ಬಿಲ ಸೇರಿತು. ಮಡಚಿದೆ, ಇಣುಕಿತು. ಹೆದರದಿರಲೆಂದು ಈ ಸಲ ನಿಧಾನಕ್ಕೆ ಮಡಚಿದೆ. "ಬಾ ಮರಿ" ಎಂದೂ ಅಂದಿರಬೇಕು, ಏಕೆಂದರೆ ಪಕ್ಕದಲ್ಲಿ ಡಂಬಲ್ಸ್ ಎತ್ತುತ್ತಿದ್ದವನು ತಿರುಗಿ ನೋಡಿದ. ಅವನ ತೋಳಲ್ಲಿ ಇದ್ದದ್ದು ಹೆಗ್ಗಣ. ನನ್ನದು ಏಕಾದಶಿ ಮಾಡುವ ಸುಂಡಿಲಿ.

ಅಷ್ಟರಲ್ಲಿ ಟ್ರೆಡ್‌ಮಿಲ್ ಮೇಲಿನ ನಿವೃತ್ತರೊಬ್ಬರು, "ಎಲ್ಲಾ ನಮ್ಮ ಮೂಷಕದಿಂದ ಕದ್ದದ್ದು ಕಣ್ರೀ" ಎಂದು ಏದುಸಿರಲ್ಲೇ ತೀರ್ಪಿತ್ತರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಲ್ಯಾಟಿನ್ ಸಂಸ್ಕೃತದ ಮಗಳಲ್ಲ, ಇಬ್ಬರೂ ಒಡಹುಟ್ಟಿದವರು. ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ನಿಂತು ಹೇಳಿದ ಮಾತು ಇನ್ನೂ ನಮ್ಮ ಬಡಾವಣೆಗೆ ತಲುಪಿಲ್ಲ. ಅವ್ವನ ಒಡವೆ ಅಕ್ಕತಂಗಿಯರಿಬ್ಬರ ಕೊರಳಲ್ಲೂ ಇದ್ದರೆ ಕಳ್ಳತನವೇ? ಕಳ್ಳತನದ ಮಾತೇ ಬೇಕಿದ್ದರೆ, ಸಂಸ್ಕೃತದಲ್ಲಿ 'ಮುಷ್' ಧಾತುವಿಗೆ ಕದಿಯುವುದು ಎಂದೇ ಅರ್ಥ!

ಕನ್ನಡಿಗರೇನು ಕಡಿಮೆ? ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ಮೀನು ಸಾಕಿಕೊಂಡಿದ್ದೇವೆ: ಮೀನಖಂಡ. ಸಸ್ಯಾಹಾರಿಗಳಿಗೂ ವಿನಾಯಿತಿಯಿಲ್ಲ.

ಇದೆಲ್ಲ ಮನೆಯಲ್ಲಿ ಹೇಳಿ ದಕ್ಕಿಸಿಕೊಂಡೆ. ಸಿಕ್ಕಿಬಿದ್ದದ್ದು 'ಮುಷ್ಕ'ದಲ್ಲಿ. ಇದೂ ಪುಟ್ಟಿಲಿಯೇ, ಆದರೆ ನಮ್ಮ ಹಿರಿಯರಿಗೆ ಅದು ಕಂಡದ್ದು ತೋಳಿನಲ್ಲಲ್ಲ, ಗಂಡಸಿನ ಬೇರೆ ಕಡೆ. ಎಲ್ಲಿ ಅಂತ ಸಂಸ್ಕೃತ ನಿಘಂಟು ನೋಡಿಕೊಳ್ಳಿ. ಕಸ್ತೂರಿಮೃಗದ ಚೀಲವೂ ಅದೇ ಆಕಾರದ್ದಾದ್ದರಿಂದ ಪದ ಪಾರಸಿಯನ್ನು ಹಾದು, ಗ್ರೀಕ್ ಲ್ಯಾಟಿನ್ ದಾಟಿ, ಇಂಗ್ಲಿಷಿನಲ್ಲಿ 'ಮಸ್ಕ್' ಆಯಿತು. ಅಂದರೆ ಕಸ್ತೂರಿ.

ನನ್ನ ನಾದಿನಿಯ ಹೆಸರು ಕಸ್ತೂರಿ. ಅವಳೆದುರು ಈ ಮಾತೆತ್ತಿದರೆ ಜಿಮ್ಮಿನಲ್ಲೇ ಮಲಗಬೇಕಾಗುತ್ತದೆ ಎಂದು ಹೆಂಡತಿ ತಾಕೀತು ಮಾಡಿದ್ದಾಳೆ. ಗಣೇಶನ ಹಬ್ಬಕ್ಕೆ ನಾದಿನಿ ಬರುವವಳಿದ್ದಾಳೆ; ನನಗೋ ಈಗಿನಿಂದಲೇ ನಾಲಗೆ ತುರಿಕೆ.